ಹಸಿವಿದ್ದ ಕಡೆಯೆಲ್ಲಾ ಕ್ರಾಂತಿ ಯಾಕೆ ಆಗಲ್ಲ?

ಅಂಚೆಪೆಟ್ಟಿಗೆ:

ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ. ಫ್ರಾನ್ಸಿನ ಕ್ರಾಂತಿಗೆ ಕಾರಣಗಳು: ರಾಜಕೀಯ, ಸಾಮಾಜಿಕ, ಆರ್ಥಿಕ, ಬೌದ್ಧಿಕ. ನಾಲ್ಕು ತಲೆಬರಹ, ಒಂದೊಂದಕ್ಕೆ ಮೂರು ಸಾಲು. ಪುಟ ತಿರುಗಿಸಿದರೆ ರಷ್ಯಾ. ಅಲ್ಲೂ ಅದೇ ನಾಲ್ಕು ತಲೆಬರಹ, ರಾಜನ ಹೆಸರು ಮಾತ್ರ ಬೇರೆ.

ಬಾಯಿಪಾಠ ಮಾಡಿ ಬೇಜಾರಾಗಿ ನಿನ್ನೆ ಕೇಳಿದಳು. "ಜನ ಹಸಿದಿದ್ದರು, ರಾಜ ದುಂದು ಮಾಡುತ್ತಿದ್ದ, ಅದಕ್ಕೆ ಕ್ರಾಂತಿ ಆಯ್ತು ಅಂತ ಬರೆದಿದ್ದಾರೆ. ಐರ್ಲೆಂಡ್‌ನಲ್ಲಿ ಆಲೂಗಡ್ಡೆಗೆ ರೋಗ ಬಂದು ಹತ್ತು ಲಕ್ಷ ಜನ ಸತ್ತರಂತಲ್ಲ, ಅಲ್ಲಿ ಯಾಕೆ ಆಗಲಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ಪರಿಣಾಮಗಳ ಕಥೆಯೂ ಅಷ್ಟೇ. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಅಂತ ಬರೆದರೆ ಅಂಕ ಸಿಗುತ್ತದೆ. ನಿಜವಾಗಿ ಉಳಿದದ್ದು ಏನು? ಓದಿಕೊಂಡವರು ಹೇಳಿ.

ಲೆಕ್ಕಿಗ:

ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಮೂವತ್ತು ವರ್ಷ ಲೆಕ್ಕಪತ್ರ ನೋಡಿದವನು ನಾನು. ನನಗೆ ಹಸಿದ ಹೊಟ್ಟೆಗಿಂತ ಮೊದಲು ಕಾಣುವುದು ಬರಿದಾದ ಖಜಾನೆ.

ಫ್ರಾನ್ಸನ್ನೇ ನೋಡಿ. ಬ್ರಿಟನ್ನಿನ ಮೇಲಿನ ಹಗೆಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಕೈ ಜೋಡಿಸಿದರು. ಅದಕ್ಕೆ ಆಗಿನ ಫ್ರೆಂಚ್ ಹಣದಲ್ಲಿ ನೂರು ಕೋಟಿ ಲಿವ್ರ್‌ಗಿಂತ ಜಾಸ್ತಿ ಖರ್ಚಾಯಿತು, ಬಹುಪಾಲು ಸಾಲದ ಹಣ. 1788ರ ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಸಾಲಕ್ಕೇ ಹೋಗುತ್ತಿತ್ತು. ಆಸ್ತಿ ಇದ್ದವರು, ಅಂದರೆ ಶ್ರೀಮಂತ ಮನೆತನಗಳು ಮತ್ತು ಚರ್ಚು, ಮುಖ್ಯ ತೆರಿಗೆಗಳಿಂದ ಹೊರಗೆ. 1787ರಲ್ಲಿ ಹಣಕಾಸು ಮಂತ್ರಿ ಕಲೋನ್ ಅವರನ್ನೇ ಕೂರಿಸಿಕೊಂಡು "ನೀವೂ ಸ್ವಲ್ಪ ಕೊಡಿ" ಅಂದ. ಆಗಲ್ಲ ಅಂದರು. ಮರುವರ್ಷ ಆಗಸ್ಟ್‌ನಲ್ಲಿ ಸರ್ಕಾರ ಪಾವತಿಗಳನ್ನೇ ನಿಲ್ಲಿಸಬೇಕಾಯಿತು. ಅದೇ ತಿಂಗಳು ಬೇರೆ ದಾರಿಯಿಲ್ಲದೆ, ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಮೂರೂ ವರ್ಗದ ಪ್ರತಿನಿಧಿಗಳು ಕೂರುವ, 1614ರಿಂದ ಸೇರದೇ ಇದ್ದ ಮಹಾಸಭೆಯನ್ನು ಕರೆದರು. 1789ರ ಮೇ 5ಕ್ಕೆ ಅದು ಸೇರಿತು. ಮುಂದಿನದು ನಿಮ್ಮ ಮಗಳಿಗೆ ಗೊತ್ತು.

ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಕಥೆಯೂ ಇದೇ. ಸಂಸತ್ತೇ ಬೇಡ ಅಂತ ಹನ್ನೊಂದು ವರ್ಷ ಆಳಿದ. ಸ್ಕಾಟರ ಜೊತೆ ಜಗಳ ತೆಗೆದು ಕೈ ಖಾಲಿ ಮಾಡಿಕೊಂಡ. 1640ರಲ್ಲಿ ದುಡ್ಡಿಗಾಗಿ ಸಂಸತ್ತು ಕರೆದ. ಇಬ್ಬರು ರಾಜರೂ ದುಡ್ಡು ಕೇಳಲು ಸಭೆ ಕರೆದರು, ಇಬ್ಬರ ತಲೆಯೂ ಹೋಯಿತು. ಒಬ್ಬನದು 1649ರ ಜನವರಿ, ಇನ್ನೊಬ್ಬನದು 1793ರ ಜನವರಿ.

ಈಗ ಐರ್ಲೆಂಡ್. ಕ್ಷಾಮ 1845ರಿಂದ 1852ರ ತನಕ ಕಾಡಿತು. ಆದರೆ ಆಳುತ್ತಿದ್ದ ಬ್ರಿಟನ್ ಆಗ ಜಗತ್ತಿನಲ್ಲೇ ದೊಡ್ಡ ಸಾಹುಕಾರ. ಸಿಪಾಯಿಗೆ ಸಂಬಳ ಸಿಗುತ್ತಿತ್ತು, ಪೊಲೀಸರು ಜಾಗದಲ್ಲೇ ಇದ್ದರು. ಸಾಯುತ್ತಿದ್ದವರ ಕೈಯಲ್ಲಿ ಏನೂ ಇರಲಿಲ್ಲ.

ಮೂರನೇಬೆಂಚು:

ಅಂದ್ರೆ ರಾಜನಿಗೆ ದುಡ್ಡಿದ್ರೆ ಜನ ಸತ್ತರೂ ಪರವಾಗಿಲ್ಲ ಅಂತ ಇತಿಹಾಸ ಹೇಳುತ್ತೆ. ಒಳ್ಳೇ ಪಾಠ.

ನಿವೃತ್ತಮೇಷ್ಟ್ರು:

ಬೆಂಚಿನವರೇ, ನಗು ಬಂದರೂ ಮಾತು ಅಷ್ಟೇನೂ ತಪ್ಪಲ್ಲ.

ಐರ್ಲೆಂಡಿನ ಬಗ್ಗೆ ಇನ್ನೆರಡು ಮಾತು ಸೇರಿಸುತ್ತೇನೆ. ಅಲ್ಲಿ ದಂಗೆ ಆಗಲೇ ಇಲ್ಲ ಅಂತಲ್ಲ. 1848ರ ಜುಲೈನಲ್ಲಿ ಟಿಪ್ಪರರಿ ಸೀಮೆಯಲ್ಲಿ ಒಂದು ಸಣ್ಣ ದಂಗೆ ಎದ್ದಿತು. ಒಂದು ಮನೆಯೊಳಗೆ ಸೇರಿಕೊಂಡ ಪೊಲೀಸರ ಸುತ್ತ ಕೆಲವು ಗಂಟೆ ಗಲಾಟೆ ನಡೆದು ಅಲ್ಲಿಗೇ ಮುಗಿಯಿತು. ನಿಜವಾಗಿ ಹಸಿದವನಿಗೆ ನಡೆಯಲೂ ಶಕ್ತಿ ಇರುವುದಿಲ್ಲ, ಬಂದೂಕು ಎಲ್ಲಿ ಹಿಡಿಯುತ್ತಾನೆ? ಶಕ್ತಿ ಇದ್ದವರು ಹಡಗು ಹತ್ತಿದರು. ದೇಶ ಬಿಟ್ಟವರ ಸಂಖ್ಯೆಯೂ ಹತ್ತು ಲಕ್ಷ ದಾಟುತ್ತದೆ. ಸಿಟ್ಟಿದ್ದವರು ಅಮೆರಿಕಕ್ಕೆ ಹೋಗಿಬಿಟ್ಟರೆ ಊರಲ್ಲಿ ದಂಗೆ ಏಳುವವರು ಯಾರು?

ನಾನು ಪಾಠ ಮಾಡುವಾಗ ಹುಡುಗರಿಗೆ ಹೇಳುತ್ತಿದ್ದೆ. ಜನ ತೀರಾ ನೆಲಕಚ್ಚಿದಾಗ ಕ್ರಾಂತಿ ಆಗುವುದು ಕಡಿಮೆ. ಸ್ವಲ್ಪ ಮೇಲೆದ್ದು, ಇನ್ನೇನು ಚೆನ್ನಾಗಿ ಆಗುತ್ತದೆ ಅನ್ನುವಾಗ ಮತ್ತೆ ಕೆಳಗೆ ಬಿದ್ದರೆ ಆಗ ಸಿಟ್ಟು ಬರುತ್ತದೆ. ಇರಾನ್ ನೋಡಿ. 1979ರ ಇರಾನ್ ಹಸಿದ ದೇಶವಲ್ಲ. 1973-74ರಲ್ಲಿ ಎಣ್ಣೆ ಬೆಲೆ ನಾಲ್ಕು ಪಟ್ಟಾಗಿ ದುಡ್ಡು ಹೊಳೆಯಂತೆ ಹರಿದಿತ್ತು. ಹಳ್ಳಿಗಳಿಂದ ಜನ ಟೆಹರಾನಿಗೆ ಬಂದು ತುಂಬಿದರು. ಮನೆ ಬಾಡಿಗೆ ಏರಿತು, ಬೆಲೆಗಳು ಏರಿದವು. ಅದನ್ನು ತಡೆಯಲು ಸರ್ಕಾರ ಖರ್ಚಿಗೆ ಕಡಿವಾಣ ಹಾಕಿತು, ಕಟ್ಟಡದ ಕೆಲಸಗಳು ನಿಂತವು. ಅದೇ ಹೊತ್ತಿಗೆ, 1977ರಲ್ಲಿ, ಅಲ್ಲಿನ ದೊರೆ ಶಾ ಸ್ವಲ್ಪ ಹಗ್ಗ ಸಡಿಲ ಬಿಟ್ಟ. ಬಾಯಿ ಮುಚ್ಚಿಕೊಂಡಿದ್ದವರು ಬಹಿರಂಗ ಪತ್ರ ಬರೆಯತೊಡಗಿದರು.

ಬಿಗಿ ಹಿಡಿತ ಸಡಿಲವಾಗುವ ಆ ಘಳಿಗೆಯೇ ಆಳುವವನಿಗೆ ಅಪಾಯದ್ದು. ಫ್ರಾನ್ಸಿನ ಹದಿನಾರನೇ ಲೂಯಿ ಕೂಡ ಅವನ ಪೂರ್ವಿಕರಷ್ಟು ಕ್ರೂರಿಯಲ್ಲ. ಸುಧಾರಣೆ ಮಾಡಲು ಹೊರಟವನು ಅವನು.

ತಕರಾರು:

ಮೇಷ್ಟ್ರೇ, ಕ್ಷಮಿಸಿ. ಇದೆಲ್ಲಾ ಆದಮೇಲೆ ಹೇಳುವ ಬುದ್ಧಿವಂತಿಕೆ. ಖಜಾನೆ ಖಾಲಿ, ಆಸೆ ಜಾಸ್ತಿ, ಹಗ್ಗ ಸಡಿಲ, ಇವೆಲ್ಲಾ ಇದ್ದೂ ಏನೂ ಆಗದ ದೇಶಗಳು ಬೇಕಾದಷ್ಟಿವೆ. ಅವುಗಳ ಬಗ್ಗೆ ಪಾಠ ಬರೆಯುವವರಿಲ್ಲ, ಅಷ್ಟೇ.

1977ರ ಡಿಸೆಂಬರ್ 31ರ ರಾತ್ರಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಟೆಹರಾನಿನ ಔತಣದಲ್ಲಿ ಎದ್ದು ನಿಂತು ಇರಾನನ್ನು ಸ್ಥಿರತೆಯ ದ್ವೀಪ ಅಂತ ಹೊಗಳಿದ್ದರು. ಒಂಬತ್ತು ದಿನಕ್ಕೆ ಕೋಮ್ ಪಟ್ಟಣದಲ್ಲಿ ಶಾ ವಿರೋಧಿಗಳ ಮೇಲೆ ಗುಂಡು ಹಾರಿತು. ಜಗತ್ತಿನ ದೊಡ್ಡ ಗೂಢಚಾರ ಪಡೆ ಇಟ್ಟುಕೊಂಡವರಿಗೇ ಗೊತ್ತಾಗಲಿಲ್ಲ. ಇನ್ನು ಲೆನಿನ್. 1917ರ ಜನವರಿಯಲ್ಲಿ ಜೂರಿಕ್‌ನಲ್ಲಿ ಹುಡುಗರ ಮುಂದೆ ಭಾಷಣ ಮಾಡುತ್ತಾ, ಬರಲಿರುವ ಕ್ರಾಂತಿಯ ನಿರ್ಣಾಯಕ ಹೋರಾಟ ನೋಡಲು ನಮ್ಮಂಥ ಹಳಬರು ಬದುಕಿರುತ್ತೇವೋ ಇಲ್ಲವೋ ಅಂದಿದ್ದ. ಎರಡು ತಿಂಗಳೊಳಗೆ ರಷ್ಯಾದ ಚಕ್ರವರ್ತಿ ಸಿಂಹಾಸನ ಬಿಟ್ಟಿದ್ದ. ಕ್ರಾಂತಿಯೇ ಕಸುಬಾಗಿದ್ದವನಿಗೇ ಅಂದಾಜು ಸಿಗಲಿಲ್ಲ, ಪಠ್ಯಪುಸ್ತಕಕ್ಕೆ ಮಾತ್ರ ನಾಲ್ಕೂ ಕಾರಣ ಗೊತ್ತು!

ನಿವೃತ್ತಮೇಷ್ಟ್ರು:

ಯಾವ ದಿನ ಆಗುತ್ತದೆ ಅಂತ ಹೇಳಲು ಆಗುವುದಿಲ್ಲ, ಒಪ್ಪಿದೆ. ಒಣಗಿದ ಕಾಡಿಗೆ ಕಿಡಿ ಎಂದು ಬೀಳುತ್ತದೋ ಯಾರಿಗೆ ಗೊತ್ತು? ಕಾಡು ಒಣಗಿದೆ ಅಂತಲಾದರೂ ಹೇಳಬಹುದಲ್ಲ.

ಲೆಕ್ಕಿಗ:

ತಕರಾರು ಅವರ ಮಾತಿನಲ್ಲಿ ಒಂದು ಸತ್ಯ ಇದೆ. ನನ್ನ ಖಜಾನೆ ಲೆಕ್ಕ ಒಂದರಿಂದಲೇ ಎಲ್ಲಾ ಕೂಡಿ ಬರುವುದಿಲ್ಲ. ಅದರ ಜೊತೆ ಇನ್ನೊಂದು ಸೇರಬೇಕು. ಗುಂಡು ಹಾರಿಸು ಅಂದಾಗ ಸಿಪಾಯಿ ಏನು ಮಾಡುತ್ತಾನೆ ಅನ್ನುವುದು.

ರಷ್ಯಾದಲ್ಲಿ ಇದರ ಪರೀಕ್ಷೆಯೇ ನಡೆದುಹೋಗಿದೆ. 1905ರಲ್ಲೂ 1917ರಲ್ಲೂ ಅದೇ ರಾಜಧಾನಿ, ಅದೇ ನಿಕೊಲಾಸ್ ದೊರೆ. 1905ರ ಜನವರಿಯಲ್ಲಿ ಒಬ್ಬ ಪಾದ್ರಿಯ ಹಿಂದೆ ಅರ್ಜಿ ಹಿಡಿದು ಬಂದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ದೇಶವೆಲ್ಲಾ ಹೊತ್ತಿ ಉರಿಯಿತು, ಆದರೆ ಸೈನ್ಯದ ಬಹುಪಾಲು ದೊರೆಯ ಕಡೆಗೇ ನಿಂತಿತು, ದೊರೆ ಉಳಿದುಕೊಂಡ. 1917ರ ಹೊತ್ತಿಗೆ ಎರಡೂವರೆ ವರ್ಷದ ಮಹಾಯುದ್ಧದಲ್ಲಿ ಹಳೆಯ ಸೈನ್ಯ ಸವೆದುಹೋಗಿತ್ತು. ರಾಜಧಾನಿ ಪೆಟ್ರೊಗ್ರಾಡ್‌ನಲ್ಲಿ ಇದ್ದವರಲ್ಲಿ ಜಾಸ್ತಿ ಜನ ಹೊಸದಾಗಿ ಸಮವಸ್ತ್ರ ತೊಟ್ಟ ರೈತರು, ಕೂಲಿಗಳು. ಅವರು ತಿರುಗಿ ನಿಂತರು.

ಪ್ಯಾರಿಸ್‌ನಲ್ಲೂ ಅಷ್ಟೇ. ಬಾಸ್ಟೀಲ್ ಕೋಟೆ ಬಿದ್ದದ್ದು ಬರೀ ಜನರ ಕೂಗಿಗಲ್ಲ. ಫ್ರೆಂಚ್ ಗಾರ್ಡ್ ಪಡೆಯ ಸಿಪಾಯಿಗಳು ಫಿರಂಗಿ ತಂದು ಬಾಗಿಲಿಗೆ ಗುರಿ ಇಟ್ಟರು. ಒಳಗೆ ಇದ್ದದ್ದು ಏಳೇ ಕೈದಿಗಳು. ಅವರಿಗಾಗಿ ಯಾರೂ ಹೋಗಿರಲಿಲ್ಲ, ಹೋದದ್ದು ಮದ್ದಿಗೆ.

1989ರಲ್ಲಿ ಎರಡನ್ನೂ ಒಂದೇ ವರ್ಷದಲ್ಲಿ ನೋಡಬಹುದು. ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಸೈನ್ಯ ಗುಂಡು ಹಾರಿಸಿತು, ಆಳುವ ಪಕ್ಷ ಉಳಿಯಿತು. ಅಕ್ಟೋಬರ್ 9ರ ರಾತ್ರಿ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸುಮಾರು 70,000 ಜನ ಬೀದಿಗೆ ಇಳಿದರು. ಪಡೆಗಳು ಸಿದ್ಧವಾಗಿ ನಿಂತಿದ್ದವು. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಬೆಳ್ಳಿಚುಕ್ಕಿ:

ಸಿಪಾಯಿ ಸಿಪಾಯಿ ಅಂತ ಎಲ್ಲರೂ ಬರೆಯುತ್ತಿದ್ದೀರಿ. ಸಿಪಾಯಿ ಎದುರಿಗೆ ನಿಂತವರು ಯಾರು ಅಂತಲೂ ನೋಡಿ.

1789ರ ಅಕ್ಟೋಬರ್ 5ರಂದು ಪ್ಯಾರಿಸ್ ಮಾರುಕಟ್ಟೆಯ ಹೆಂಗಸರು ಮಳೆಯಲ್ಲೇ ರಾಜನ ಅರಮನೆ ಇದ್ದ ವರ್ಸೈಗೆ ನಡೆದುಹೋದರು. ರೊಟ್ಟಿ ಕೇಳಲು ಹೋದವರು ಮರುದಿನ ರಾಜನನ್ನೇ ಕುಟುಂಬ ಸಮೇತ ಪ್ಯಾರಿಸ್‌ಗೆ ಕರೆತಂದರು. 1917ರ ಮಾರ್ಚ್ 8ರಂದು ಪೆಟ್ರೊಗ್ರಾಡ್‌ನಲ್ಲಿ ಮೊದಲು ಕೆಲಸ ಬಿಟ್ಟು ಬೀದಿಗಿಳಿದವರು ಬಟ್ಟೆ ಗಿರಣಿಯ ಹೆಂಗಸರು. ಮಹಿಳಾ ದಿನ ಅದು. ಪಕ್ಷದ ಮುಖಂಡರು ಇವತ್ತು ಮುಷ್ಕರ ಬೇಡ ಅಂತಿದ್ದರು. ಇವರು ಪಕ್ಕದ ಕಾರ್ಖಾನೆಯ ಕಿಟಕಿಗೆ ಹಿಮದ ಉಂಡೆ ಎಸೆದು ಗಂಡಸರನ್ನು ಹೊರಗೆ ಕರೆದರು.

ಆಮೇಲೆ ಇವರಿಗೆ ಸಿಕ್ಕಿದ್ದು ಏನು? ಫ್ರಾನ್ಸಿನಲ್ಲಿ ಒಲಾಂಪ್ ದ ಗೂಜ್ ಅನ್ನುವವಳು 1791ರಲ್ಲಿ ಹೆಣ್ಣಿನ ಹಕ್ಕುಗಳ ಘೋಷಣೆ ಬರೆದಳು. ಗಲ್ಲಿಗೇರುವ ಹಕ್ಕು ಹೆಣ್ಣಿಗಿದೆ ಅಂದಮೇಲೆ ವೇದಿಕೆ ಏರುವ ಹಕ್ಕೂ ಇರಬೇಕು ಅನ್ನುವುದು ಅವಳ ವಾದ. 1793ರ ನವೆಂಬರ್‌ನಲ್ಲಿ ಮೊದಲನೇ ಹಕ್ಕನ್ನು ಕೊಟ್ಟರು. ವಿಚ್ಛೇದನದ ಕಾನೂನು 1792ರಲ್ಲಿ ಬಂತು, 1816ರಲ್ಲಿ ಹೋಯಿತು, ಮತ್ತೆ ಬಂದದ್ದು 1884ಕ್ಕೆ. ನೆಪೋಲಿಯನ್ನನ 1804ರ ಸಂಹಿತೆಯಲ್ಲಿ ಹೆಂಡತಿ ಗಂಡನ ಮಾತು ಕೇಳಬೇಕು ಅಂತಲೇ ಒಂದು ಕಲಮು ಇತ್ತು. ಫ್ರೆಂಚ್ ಹೆಣ್ಣಿಗೆ ಮತದ ಹಕ್ಕು ಸಿಕ್ಕಿದ್ದು 1944ರಲ್ಲಿ. ಸಮಾನತೆ ಅಂತ ಗೋಡೆ ಮೇಲೆ ಬರೆದು ನೂರೈವತ್ತು ವರ್ಷ ಆಗಿತ್ತು.

ಇರಾನಿನಲ್ಲಿ ಇನ್ನೂ ಬೇಗ ಆಯಿತು. ಶಾ ವಿರುದ್ಧದ ಮೆರವಣಿಗೆಗಳಲ್ಲಿ ಹೆಂಗಸರು ಲಕ್ಷಗಟ್ಟಲೆ ಇದ್ದರು. 1979ರ ಫೆಬ್ರವರಿ 11ಕ್ಕೆ ಹಳೇ ಆಡಳಿತ ಬಿತ್ತು. ಮಾರ್ಚ್ 8ಕ್ಕೆ, ಒಂದು ತಿಂಗಳೂ ಆಗಿರಲಿಲ್ಲ, ತಲೆವಸ್ತ್ರದ ಕಡ್ಡಾಯ ಬೇಡ ಅಂತ ಅದೇ ಹೆಂಗಸರು ಅದೇ ಬೀದಿಗಳಲ್ಲಿ ಮತ್ತೆ ನಡೆಯಬೇಕಾಯಿತು. ಕೌಟುಂಬಿಕ ರಕ್ಷಣೆಯ ಹಳೇ ಕಾನೂನನ್ನು ಅಷ್ಟರಲ್ಲೇ ತೆಗೆದುಹಾಕಿದ್ದರು.

ನಿಮ್ಮ ಮಗಳಿಗೆ ಹೇಳಿ, ಉತ್ತರದಲ್ಲಿ ಇದನ್ನೂ ಬರೆಯಲಿ.

ಅಂಚೆಪೆಟ್ಟಿಗೆ:

ಮೇಡಂ, ಹಿಮದ ಉಂಡೆ ಕಥೆ ಹೇಳಿದೆ. ತುಂಬಾ ಖುಷಿಪಟ್ಟಳು. ಅದಕ್ಕೆ ಅಂಕ ಬರಲ್ಲ ಅಂತಲೂ ಅವಳಿಗೆ ಗೊತ್ತು.

ತಕರಾರು:

ಬೆಳ್ಳಿಚುಕ್ಕಿಯವರು ನನ್ನ ಕೆಲಸ ಸುಲಭ ಮಾಡಿದರು. ಹೆಂಗಸರಿಗೆ ಸಿಗಲಿಲ್ಲ. ಮಿಕ್ಕವರಿಗೆ ಮಾತ್ರ ಏನು ಸಿಕ್ಕಿತು? ಫ್ರಾನ್ಸಿನಲ್ಲಿ ರಾಜ ಹೋದ, ಹದಿನೈದು ವರ್ಷದೊಳಗೆ ನೆಪೋಲಿಯನ್ ಚಕ್ರವರ್ತಿಯಾಗಿ ಬಂದ. ಅವನು ಸೋತಮೇಲೆ ಸತ್ತ ರಾಜನ ತಮ್ಮನೇ ಬಂದು ಕೂತ. ರಷ್ಯಾದಲ್ಲಿ ಜಾರ್‌ನ ಗುಪ್ತ ಪೊಲೀಸರು ಹೋದರು, ಇನ್ನೂ ದೊಡ್ಡ ಗುಪ್ತ ಪೊಲೀಸರು ಬಂದರು. ರೈತನಿಗೆ 1917ರಲ್ಲಿ ಸಿಕ್ಕ ಭೂಮಿಯನ್ನು ಹನ್ನೆರಡು ಹದಿಮೂರು ವರ್ಷಕ್ಕೆ ಸಾಮೂಹಿಕ ಬೇಸಾಯ ಅಂತ ಕಿತ್ತುಕೊಂಡರು. 1932-33ರಲ್ಲಿ ಉಕ್ರೇನ್‌ನಲ್ಲಿ, ಕಜಾಕಿಸ್ತಾನದಲ್ಲಿ ಲಕ್ಷ ಲಕ್ಷ ಜನ ಹಸಿದು ಸತ್ತರು. ಕುರ್ಚಿ ಅದೇ, ಕೂತವರು ಬೇರೆ. ಇದಕ್ಕೆ ಇಷ್ಟು ರಕ್ತ ಬೇಕಿತ್ತಾ?

ಲೆಕ್ಕಿಗ:

ಕುರ್ಚಿ ಬಿಡಿ, ಕಡತ ನೋಡಿ. ನನ್ನ ಕಸುಬಿನ ಚಟ ಅನ್ನಿ ಬೇಕಾದರೆ, ಉಳಿಯುವುದೆಲ್ಲಾ ಕಡತದಲ್ಲೇ ಸಿಗುತ್ತದೆ.

ಹದಿನೆಂಟನೇ ಲೂಯಿ 1814ರಲ್ಲಿ ವಾಪಸ್ ಬಂದ, ನಿಜ. ಆದರೆ ಬಂದವನು ಏನು ಮಾಡಲು ಆಗಲಿಲ್ಲ ಅಂತ ನೋಡಿ. ಕ್ರಾಂತಿಯ ಕಾಲದಲ್ಲಿ ಚರ್ಚಿನ ಭೂಮಿಯನ್ನು ಮುಟ್ಟುಗೋಲು ಹಾಕಿ ಮಾರಿದ್ದರು. ಓಡಿಹೋದ ಶ್ರೀಮಂತರ ಭೂಮಿಯೂ ಹರಾಜಾಗಿತ್ತು. ಕೊಂಡವರು ಲಕ್ಷಾಂತರ ಜನ. ಆ ಖರೀದಿಗಳನ್ನು ಮುಟ್ಟುವುದಿಲ್ಲ ಅಂತ ಹೊಸ ರಾಜ ತನ್ನ ಸನ್ನದಿನಲ್ಲೇ ಬರೆದುಕೊಡಬೇಕಾಯಿತು. ಜಮೀನುದಾರನಿಗೆ ಕೊಡಬೇಕಿದ್ದ ಕಾಣಿಕೆ, ಬಿಟ್ಟಿ ಚಾಕರಿ, ಚರ್ಚಿನ ದಶಾಂಶ ಯಾವುದೂ ವಾಪಸ್ ಬರಲಿಲ್ಲ. ಆಸ್ತಿಯಲ್ಲಿ ಮಕ್ಕಳಿಗೆಲ್ಲಾ ಪಾಲು ಅನ್ನುವ ಕಾನೂನು ಉಳಿಯಿತು. ಹೆಣ್ಣುಮಕ್ಕಳಿಗೂ ಪಾಲು, ಬೆಳ್ಳಿಚುಕ್ಕಿಯವರೇ, ಇದೊಂದನ್ನು ನೀವು ಬಿಟ್ಟಿರಿ. 1790ರಲ್ಲಿ ದೇಶವನ್ನು 83 ಜಿಲ್ಲೆಗಳಾಗಿ ಕತ್ತರಿಸಿದರು. ನಕ್ಷೆಯಲ್ಲಿ ಅವುಗಳ ಬಹುಪಾಲು ಇಂದಿಗೂ ಹಾಗೇ ಇದೆ.

ನನಗೆ ತುಂಬಾ ಇಷ್ಟವಾದದ್ದು ಅಳತೆಯ ಕಥೆ. ಆಗ ಊರಿಗೊಂದು ಅಳತೆ, ಕಸುಬಿಗೊಂದು ಅಳತೆ. ಧಾನ್ಯದ ಕೊಳಗ ಜಮೀನುದಾರನ ಮನೆಯದು, ಅದು ದೊಡ್ಡದಾಗುತ್ತಲೇ ಹೋಗುತ್ತಿತ್ತು ಅನ್ನುವ ಗುಮಾನಿ ರೈತರಿಗೆ. 1789ರಲ್ಲಿ ಮಹಾಸಭೆಗೆ ಮೊದಲು ಊರೂರಿಂದ ದೂರಿನ ಪುಸ್ತಕಗಳನ್ನು ಬರೆಸಿ ತರಿಸಿದ್ದರು. ರಾಜ ತೊಲಗಲಿ ಅಂತ ಅವುಗಳಲ್ಲಿ ಇರಲಿಲ್ಲ. ಒಂದೇ ತೂಕ, ಒಂದೇ ಅಳತೆ ಬೇಕು ಅಂತ ಮಾತ್ರ ಮತ್ತೆ ಮತ್ತೆ ಬರೆದಿತ್ತು. ಅದರಿಂದ ಹುಟ್ಟಿದ್ದು ಮೀಟರ್, ಗ್ರಾಂ. 1795ರಲ್ಲಿ ಕಾನೂನಾಯಿತು. ಜನರಿಗೆ ಒಗ್ಗಲಿಲ್ಲ ಅಂತ 1812ರಲ್ಲಿ ನೆಪೋಲಿಯನ್ ಹಳೇ ಅಳತೆಗಳಿಗೆ ಅರ್ಧ ಬಾಗಿಲು ತೆರೆದ. 1840ರಿಂದ ಮತ್ತೆ ಕಡ್ಡಾಯ. 1875ರಲ್ಲಿ 17 ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ನೆಪೋಲಿಯನ್ ಗೆದ್ದ ದೇಶಗಳೆಲ್ಲಾ ಕೈ ಬಿಟ್ಟುಹೋದವು. ಮೀಟರ್ ಜಗತ್ತನ್ನೇ ಗೆದ್ದಿತು.

ಅದೇ ಜನ ಕ್ಯಾಲೆಂಡರನ್ನೂ ಬದಲಿಸಿದ್ದರು. ಹತ್ತು ದಿನಕ್ಕೆ ಒಂದು ವಾರ, ಗಡಿಯಾರದಲ್ಲಿ ದಿನಕ್ಕೆ ಹತ್ತು ಗಂಟೆ. ಗಡಿಯಾರ ಎರಡು ವರ್ಷವೂ ನಿಲ್ಲಲಿಲ್ಲ. ಕ್ಯಾಲೆಂಡರ್ 1806ರ ಜನವರಿ 1ಕ್ಕೆ ಸತ್ತಿತು. ಏಳು ದಿನಕ್ಕೊಂದು ರಜೆ ಇದ್ದವನಿಗೆ ಹತ್ತು ದಿನಕ್ಕೊಂದು ಅಂದರೆ ಯಾರು ಒಪ್ಪುತ್ತಾರೆ? ಅಳತೆಯನ್ನು ಜನ ಕೇಳಿದ್ದರು, ಕ್ಯಾಲೆಂಡರನ್ನು ಕೇಳಿರಲಿಲ್ಲ.

ಮೂರನೇಬೆಂಚು:

ಉಪ್ಪಿನ ತೆರಿಗೆ ಮಾತ್ರ ಹೋಗಲಿಲ್ಲ ನೋಡಿ ಸರ್. 1790ರಲ್ಲಿ ರದ್ದು ಮಾಡಿದರು, 1806ರಲ್ಲಿ ನೆಪೋಲಿಯನ್ ವಾಪಸ್ ತಂದ. ಆಮೇಲೆ ಅದನ್ನು ಪೂರ್ತಿ ತೆಗೆದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಆದಾಯ ಬರುವುದನ್ನು ಯಾವ ಕ್ರಾಂತಿಯೂ ಬಿಡಲ್ಲ.

ಬೆಳ್ಳಿಚುಕ್ಕಿ:

ಲೆಕ್ಕಿಗರೇ, ಪಾಲಿನ ವಿಷಯ ಒಪ್ಪಿದೆ. ಆದರೆ ಇಷ್ಟು ಹೊತ್ತು ಒಂದು ಕ್ರಾಂತಿಯ ಹೆಸರೇ ಯಾರೂ ಎತ್ತಲಿಲ್ಲ. ಸಮಾನತೆ ಅನ್ನುವ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವರು ಹೈಟಿಯವರು.

ಆಗ ಅದು ಫ್ರಾನ್ಸಿನ ವಸಾಹತು, ಸೇಂಟ್ ಡೊಮಿಂಗ್. ಸಕ್ಕರೆ, ಕಾಫಿ. ಸುಮಾರು ಐದು ಲಕ್ಷ ಗುಲಾಮರು, ಬಿಳಿಯರು ನಲವತ್ತು ಸಾವಿರದೊಳಗೆ. 1791ರ ಆಗಸ್ಟ್‌ನಲ್ಲಿ ಉತ್ತರದ ಕಬ್ಬಿನ ತೋಟಗಳಿಗೆ ಬೆಂಕಿ ಬಿತ್ತು. 1794ರಲ್ಲಿ ಪ್ಯಾರಿಸ್ ಗುಲಾಮಗಿರಿಯನ್ನು ರದ್ದು ಮಾಡಿತು. ಅದು ಅವರ ದೊಡ್ಡ ಮನಸ್ಸಲ್ಲ, ಅಲ್ಲಿ ಆಗಲೇ ನಡೆದುಹೋಗಿದ್ದಕ್ಕೆ ಹಾಕಿದ ಮುದ್ರೆ. 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ಹೇರಲು ಹೊರಟ, ದೊಡ್ಡ ಸೈನ್ಯ ಕಳಿಸಿದ. ಗುಲಾಮರಾಗಿದ್ದವರ ನಾಯಕ ಟೂಸಾಂ ಲೂವರ್ತೂರನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಒಯ್ದರು. ಬೆಟ್ಟದ ಮೇಲಿನ ಚಳಿ ಕೋಟೆಯಲ್ಲಿ 1803ರ ಏಪ್ರಿಲ್‌ನಲ್ಲಿ ಅವನು ಸತ್ತ. ಹಳದಿ ಜ್ವರ ಫ್ರೆಂಚ್ ಸೈನ್ಯವನ್ನು ತಿಂದಿತು, ಉಳಿದವರನ್ನು ಟೂಸಾಂನ ಸೇನಾನಿಯಾಗಿದ್ದ ದೆಸಾಲೀನನ ಪಡೆ ಸೋಲಿಸಿತು. 1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರವಾಯಿತು.

ಮುಂದಿನದು ಲೆಕ್ಕಿಗರಿಗೆ ಬೇಕಾದದ್ದು. 1825ರಲ್ಲಿ ಫ್ರಾನ್ಸಿನ ಹತ್ತನೇ ಚಾರ್ಲ್ಸ್ ಯುದ್ಧನೌಕೆ ಕಳಿಸಿದ. ನಿಮ್ಮನ್ನು ದೇಶ ಅಂತ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಅಂದ. ಯಾವುದಕ್ಕೆ? ತೋಟ ಕಳೆದುಕೊಂಡ ಮಾಲೀಕರ ನಷ್ಟಕ್ಕೆ. ಅವರ ಆಸ್ತಿಯ ಲೆಕ್ಕದಲ್ಲಿ ಈ ಜನರೂ ಸೇರಿದ್ದರು. ಅಂದರೆ ಬಿಡುಗಡೆಯಾದವರು ತಮ್ಮದೇ ಬೆಲೆಯನ್ನು ಕಟ್ಟಬೇಕು. ಮೊದಲ ಕಂತಿಗೇ ಕೈಯಲ್ಲಿ ಹಣ ಇರಲಿಲ್ಲ. ಪ್ಯಾರಿಸ್‌ನಲ್ಲಿ ಮೂರು ಕೋಟಿ ಸಾಲ ಎತ್ತಿದರು. ಸಾಲ ಕೊಟ್ಟವರು ಮೊದಲೇ 60 ಲಕ್ಷ ಮುರಿದುಕೊಂಡರು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಸಾಲದ ಮೇಲೆ ಸಾಲ ಬೆಳೆಯಿತು. ಅದರ ಬಾಲ ತೀರಿದ್ದು 1947ರಲ್ಲಿ. ಹೈಟಿ ಬಡದೇಶ, ಅಲ್ಲಿ ಸದಾ ಗಲಾಟೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ಈ ಸಾಲವನ್ನು ಯಾರೂ ಹೇಳುವುದಿಲ್ಲ.

ಲೆಕ್ಕಿಗ:

ಇದನ್ನು ನಾನು ಬಿಟ್ಟದ್ದು ತಪ್ಪು. ಖಜಾನೆಯಿಂದ ಮಾತು ಶುರು ಮಾಡಿ ಇದನ್ನೇ ಮರೆತೆ.

ಇನ್ನೊಂದು ಸೇರಿಸಲಾ? ಆ ದ್ವೀಪ ಕೈ ಜಾರುತ್ತಿರುವುದು ಕಂಡಮೇಲೆ ನೆಪೋಲಿಯನ್ನನಿಗೆ ಅಮೆರಿಕ ಖಂಡದ ಆಸೆ ಬತ್ತಿತು. 1803ರಲ್ಲಿ ಲೂಸಿಯಾನಾ ಪ್ರಾಂತ್ಯವನ್ನು ಒಂದೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿಬಿಟ್ಟ. ಆ ದೇಶದ ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹೈಟಿಯವರ ಹೋರಾಟದ ಲಾಭ ಸಿಕ್ಕಿದ್ದು ಇನ್ನೂ ಗುಲಾಮರನ್ನು ಇಟ್ಟುಕೊಂಡಿದ್ದ ಆ ದೇಶಕ್ಕೆ. ಅದು ಹೈಟಿಯನ್ನು ದೇಶ ಅಂತ ಒಪ್ಪಿದ್ದು 1862ರಲ್ಲಿ.

ನಿವೃತ್ತಮೇಷ್ಟ್ರು:

ಸೋತ ಕ್ರಾಂತಿಗಳ ಲೆಕ್ಕವೂ ಇದೆ. 1848ರಲ್ಲಿ ಪ್ಯಾರಿಸ್, ವಿಯೆನ್ನಾ, ಬರ್ಲಿನ್, ಬುಡಾಪೆಸ್ಟ್ ಎಲ್ಲಾ ಎದ್ದವು. ಎರಡು ವರ್ಷದೊಳಗೆ ಬಹುತೇಕ ಕಡೆ ಹಳಬರು ವಾಪಸ್. ಆದರೆ ಆಸ್ಟ್ರಿಯಾದ ರೈತನ ಮೇಲಿದ್ದ ಜೀತದ ನೊಗ ಆ ಸೆಪ್ಟೆಂಬರ್‌ನಲ್ಲಿ ಇಳಿದದ್ದು ಇಳಿದಂತೆಯೇ ಉಳಿಯಿತು. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಎರಡನೇ ಸಲ, ಶಾಶ್ವತವಾಗಿ ರದ್ದಾದದ್ದೂ ಅದೇ ವರ್ಷ.

ಅಂದ ಹಾಗೆ, ಫ್ರೆಂಚ್ ಕ್ರಾಂತಿಯ ಪರಿಣಾಮ ಏನು ಅಂತ ಕೇಳಿದಾಗ ಚೀನಾದ ಪ್ರಧಾನಿ ಚೌ ಎನ್‌ಲಾಯ್ "ಹೇಳಲು ಇನ್ನೂ ತುಂಬಾ ಬೇಗ" ಅಂದರಂತೆ. ಎಷ್ಟು ಚೆನ್ನಾಗಿದೆ ಅಲ್ವಾ?

ತಕರಾರು:

ಮೇಷ್ಟ್ರೇ, ಆ ಕಥೆಯಲ್ಲಿ ಸ್ವಲ್ಪ ಎಡವಟ್ಟಿದೆ. ಅದು 1972ರ ಮಾತು, ನಿಕ್ಸನ್ ಬೀಜಿಂಗ್‌ಗೆ ಹೋಗಿದ್ದಾಗಿನದು. ಚೌ ಹೇಳಿದ್ದು 1968ರ ಪ್ಯಾರಿಸ್ ವಿದ್ಯಾರ್ಥಿ ದಂಗೆಯ ಬಗ್ಗೆ ಅಂತ ಅಲ್ಲೇ ಇದ್ದ ಅಮೆರಿಕದ ದುಭಾಷಿಯೇ ಎಷ್ಟೋ ವರ್ಷದ ಮೇಲೆ ತಿಳಿಸಿದರು. ನಾಲ್ಕು ವರ್ಷದ ಹಿಂದಿನದನ್ನು ಹೇಳಲು ಬೇಗ ಅನ್ನುವುದು ಸಾಮಾನ್ಯ ಮಾತು. ಕಥೆ ಚೆನ್ನಾಗಿತ್ತು ಅಂತ ಎಲ್ಲರೂ ಹಾಗೇ ಇಟ್ಟುಕೊಂಡರು.

ನಿವೃತ್ತಮೇಷ್ಟ್ರು:

ಅಯ್ಯೋ, ಇದನ್ನು ಎಷ್ಟು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದೆನಪ್ಪಾ! ಸರಿ, ತಿದ್ದಿಕೊಂಡೆ.

ಆದರೆ ನಿಮ್ಮ ರಕ್ತದ ಪ್ರಶ್ನೆಗೆ ಇನ್ನೂ ಉತ್ತರ ಬಾಕಿ ಇದೆ. ನನ್ನ ಅನಿಸಿಕೆ ಹೇಳುತ್ತೇನೆ. ಕ್ರಾಂತಿ ಕೆಟ್ಟ ದಾರಿ ಹಿಡಿಯುವುದು ಸಾಮಾನ್ಯವಾಗಿ ಯುದ್ಧ ಸೇರಿಕೊಂಡಾಗ. ಫ್ರಾನ್ಸಿನಲ್ಲಿ ಮೊದಲ ಎರಡು ಮೂರು ವರ್ಷ ಸಭೆ, ಚರ್ಚೆ, ಕಾನೂನು. 1792ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾ ಮೇಲೆ ಯುದ್ಧ ಸಾರಿದರು. ಆಮೇಲೆ ಎಲ್ಲರೂ ಎಲ್ಲರಿಗೂ ದ್ರೋಹಿಯಾಗಿ ಕಂಡರು. ಭಯದ ಆಡಳಿತದಲ್ಲಿ ತೀರ್ಪು ಕೊಟ್ಟು ಕೊಂದವರೇ ಸುಮಾರು 17,000. ಅವರಲ್ಲಿ ಜಾಸ್ತಿ ಜನ ಶ್ರೀಮಂತರೂ ಅಲ್ಲ, ಪಾದ್ರಿಗಳೂ ಅಲ್ಲ. ರೈತರು, ಕೂಲಿಗಳು, ಸಣ್ಣ ಕಸುಬಿನವರು. ಇರಾನಿನಲ್ಲೂ 1980ರ ಸೆಪ್ಟೆಂಬರ್‌ನಲ್ಲಿ ಇರಾಕ್ ಏರಿ ಬಂದಮೇಲೆ ಒಳಗಿನ ಬೇರೆ ದನಿಗಳಿಗೆ ಜಾಗವೇ ಉಳಿಯಲಿಲ್ಲ.

ತಕರಾರು:

ಯುದ್ಧದ ಮೇಲೆ ಎಲ್ಲಾ ಹಾಕಬೇಡಿ. ರಷ್ಯಾದ ಗುಪ್ತ ಪೊಲೀಸು ಚೆಕಾ ಹುಟ್ಟಿದ್ದು 1917ರ ಡಿಸೆಂಬರ್‌ನಲ್ಲಿ. ಅಂತರ್ಯುದ್ಧ ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. ಸಂವಿಧಾನ ಸಭೆಗೆ ಚುನಾವಣೆ ನಡೆಸಿದರು, ಲೆನಿನ್ನನ ಪಕ್ಷವಾದ ಬೊಲ್ಶೆವಿಕರಿಗೆ ಬಿದ್ದದ್ದು ಸುಮಾರು ಕಾಲು ಭಾಗದ ಮತ. 1918ರ ಜನವರಿಯಲ್ಲಿ ಆ ಸಭೆ ಒಂದೇ ಒಂದು ಸಲ ಸೇರಿತು. ಮರುದಿನ ಬಾಗಿಲಿಗೆ ಬೀಗ. ಅಲ್ಲಿ ಯಾವ ಹೊರಗಿನ ಶತ್ರು ಬಂದಿದ್ದ?

ನಿವೃತ್ತಮೇಷ್ಟ್ರು:

ಜರ್ಮನರ ಸೈನ್ಯ ಗಡಿಯೊಳಗೇ ಇತ್ತಲ್ಲ. ಆದರೂ ಆ ಬೀಗದ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಸೋತೆ ಅಂತಲೇ ಇಟ್ಟುಕೊಳ್ಳಿ.

ಅಂಚೆಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಅಡುಗೆಮನೆಯಲ್ಲೂ ಇದೇ ಮಾತು. ಮಗಳದು ಇನ್ನೊಂದೇ ಒಂದು ಪ್ರಶ್ನೆ ಬಾಕಿ. "ಸಿಪಾಯಿಗಳು ತಿರುಗಿ ನಿಂತರು ಅಂತ ಬರೆದಿದ್ದಾರಲ್ಲ, ಮೊದಲು ತಿರುಗಿ ನಿಂತವನು ಯಾರು? ಎಲ್ಲರೂ ಒಟ್ಟಿಗೆ ತಿರುಗೋಕೆ ಆಗಲ್ಲ. ಯಾರೋ ಒಬ್ಬ ಮೊದಲು ಇಲ್ಲ ಅಂದಿರಬೇಕು."

ಲೆಕ್ಕಿಗ:

ಪೆಟ್ರೊಗ್ರಾಡ್ ಮಟ್ಟಿಗೆ ಅವನ ಹೆಸರು ಸಿಗುತ್ತದೆ. ತಿಮೊಫೆಯ್ ಕಿರ್ಪಿಚ್ನಿಕೊವ್. ವೊಲಿನ್ಸ್ಕಿ ರೆಜಿಮೆಂಟಿನ ತರಬೇತಿ ತುಕಡಿಯಲ್ಲಿ ಸಾರ್ಜೆಂಟ್.

ಅವನೇನು ಕ್ರಾಂತಿಕಾರಿಯಲ್ಲ. 1917ರ ಮಾರ್ಚ್ 11, ಭಾನುವಾರ. ರಷ್ಯಾದ ಹಳೇ ಕ್ಯಾಲೆಂಡರಿನಲ್ಲಿ ಫೆಬ್ರವರಿ 26. ಅವತ್ತು ಇದೇ ತುಕಡಿ ಜ್ನಾಮೆನ್ಸ್ಕಾಯಾ ಚೌಕದಲ್ಲಿ ಜನರ ಮೇಲೆ ಗುಂಡು ಹಾರಿಸಿತ್ತು. ತುಂಬಾ ಜನ ಸತ್ತಿದ್ದರು. ರಾತ್ರಿ ಬ್ಯಾರಕ್‌ಗೆ ಬಂದಮೇಲೆ ಇವನು ಮಿಕ್ಕ ಕೆಲವರ ಜೊತೆ ಕೂತು ಮಾತಾಡಿದ. ನಾಳೆ ಮತ್ತೆ ಕಳಿಸುತ್ತಾರೆ, ಹೋಗುವುದು ಬೇಡ ಅಂತ ತೀರ್ಮಾನ ಮಾಡಿಕೊಂಡರು. ಬೆಳಗ್ಗೆ ಕ್ಯಾಪ್ಟನ್ ಲಷ್ಕೆವಿಚ್ ಬಂದಾಗ ಸಾಲಾಗಿ ನಿಂತರು, ಹೊರಡಲಿಲ್ಲ. ಕ್ಯಾಪ್ಟನ್ ಹೊರಗೆ ಅಂಗಳಕ್ಕೆ ಇಳಿದಾಗ ಗುಂಡು ತಗುಲಿ ಸತ್ತ. ಆಮೇಲೆ ವಾಪಸ್ ಹೋಗುವ ದಾರಿ ಇವರಿಗೆ ಇರಲಿಲ್ಲ. ಅದಕ್ಕೇ ಪಕ್ಕದ ರೆಜಿಮೆಂಟುಗಳ ಬ್ಯಾರಕ್‌ಗೆ ಓಡಿದರು, ಅವರನ್ನೂ ಎಬ್ಬಿಸಿದರು. ಸಂಜೆ ಹೊತ್ತಿಗೆ ಹತ್ತಾರು ಸಾವಿರ ಸಿಪಾಯಿಗಳು ಬೀದಿಯಲ್ಲಿದ್ದರು. ಮೂರು ದಿನಕ್ಕೆ ದೊರೆ ಇಳಿದ.

ಅಂಚೆಪೆಟ್ಟಿಗೆ:

ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದಿನ ದಿನ ಅವನೂ ಗುಂಡು ಹಾರಿಸಿದ್ನಾ?" ಅಂದಳು. ಗೊತ್ತಿಲ್ಲ ಅಂದೆ. ಪೆನ್ಸಿಲ್ಲಿನಲ್ಲಿ ಪುಸ್ತಕದ ಅಂಚಿಗೆ ಅವನ ಹೆಸರು ಬರೆದುಕೊಂಡಿದ್ದಾಳೆ, ಕಾಗುಣಿತ ತಪ್ಪಾಗಿದೆ. ನಾಳೆ ಬೆಳಗ್ಗೆ ಪರೀಕ್ಷೆ. ಆ ನಾಲ್ಕು ತಲೆಬರಹ ಇನ್ನೊಂದು ಸಲ ಓದಿ ಮಲಗು ಅಂತ ಹೇಳಿ ಬಂದೆ.